ಅತ್ತೆಯ ಹಸಿರು ಮುಖ ಮತ್ತು ನನ್ನ ಫಿಲ್ಮ್ ಪರೀಕ್ಷೆ

ನನಗೆ ಫಿಲ್ಮ್ ಕ್ಯಾಮೆರಾದ ಹುಚ್ಚು ಹಿಡಿದು ಆರು ತಿಂಗಳಾಗಿತ್ತು. ತಜ್ಞನಾಗಲು ಅಷ್ಟು ಸಾಕೆಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ. ಆದ್ದರಿಂದ ದುಬಾರಿ ಫಿಲ್ಮ್ ರೋಲು ಒಳ್ಳೆಯದೋ ಅಗ್ಗದ್ದೋ ಎಂಬ ಪ್ರಶ್ನೆಯನ್ನು ಲೋಕಹಿತಕ್ಕಾಗಿ ನಾನೇ ಇತ್ಯರ್ಥಪಡಿಸಲು ಹೊರಟೆ.

ಅದೇ ಹೊತ್ತಿಗೆ ಬೆಟ್ಟಂಪಾಡಿಯಲ್ಲಿರುವ ನನ್ನ ಅತ್ತೆ, “ನನ್ನದು ಒಬ್ಬಳದ್ದೇ ಒಂದು ಸರಿಯಾದ ಫೋಟೋ ಇಲ್ಲ. ಇರುದೆಲ್ಲ ಗುಂಪಿನಲ್ಲಿ ನಿಂತದ್ದು” ಎಂದರು. ಪರೀಕ್ಷೆಗೆ ಮುಖ ಸಿಕ್ಕಿತು. ಕ್ಯಾಮೆರಾ ಹಿಡಿದು ಎರಡು ದಿನಕ್ಕೆಂದು ಅವರ ಮನೆಗೆ ಹೋದೆ.

ಅತ್ತೆ ಹೊಸ ನೀಲಿ ಸೀರೆ ಉಟ್ಟು ಅಂಗಳದ ಕುರ್ಚಿಯಲ್ಲಿ ಕೂತರು. ದುಬಾರಿಯದೊಂದು, ಅಗ್ಗದ್ದೊಂದು, ಎರಡು ರೋಲು ಮುಗಿಯುವವರೆಗೂ ಕೂತರು. “ಇನ್ನೂ ಉಂಟಾ?” ಎಂದು ನಡುವೆ ಒಮ್ಮೆ ಕೇಳಿದ್ದು ಬಿಟ್ಟರೆ ಅವರ ತಾಳ್ಮೆ ಅಪಾರ.

ರೋಲುಗಳನ್ನು ತೊಳೆದು ಸ್ಕ್ಯಾನ್ ಮಾಡಲು, ಸಿಕ್ಕಿದ್ದರಲ್ಲೇ ಅತ್ಯಂತ ಅಗ್ಗದ ಅಂಗಡಿಗೆ ಕೊಟ್ಟೆ. ಫೋಟೋಗಳು ಮೊಬೈಲಿಗೆ ಬಂದವು. ದುಬಾರಿ ರೋಲಿನಲ್ಲಿ ಅತ್ತೆಯ ಮುಖ ಹಸಿರು, ಸೀರೆ ಕಡುಹಸಿರು. ಅಗ್ಗದ ರೋಲಿನಲ್ಲಿ ಬಣ್ಣ ಚೆನ್ನಾಗಿತ್ತು. ಎರಡರಲ್ಲೂ ಎಲ್ಲವೂ ಮಂಜು ಮುಸುಕಿದ ಹಾಗೆ ಸ್ವಲ್ಪ ಮಸುಕು, ಆದರೆ ಆ ಹಸಿರಿನ ನಡುವೆ ಮಸುಕನ್ನು ಯಾರು ನೋಡುತ್ತಾರೆ?

ನಾನು ಫೋಟೋಗ್ರಫಿಯ ವಾಟ್ಸಾಪ್ ಗುಂಪಿನಲ್ಲಿ ಸುದೀರ್ಘ ತೀರ್ಪು ಬರೆದೆ. ದುಬಾರಿ ಫಿಲ್ಮ್ ಮಾನವ ಚರ್ಮಕ್ಕೆ ಯೋಗ್ಯವಲ್ಲ. ಅಗ್ಗದ ಫಿಲ್ಮಿಗೆ ಸ್ವಪ್ನಸದೃಶ ಮೃದುತ್ವವಿದೆ. ಎಲ್ಲರೂ ಅದನ್ನೇ ಕೊಳ್ಳತಕ್ಕದ್ದು. ನಾಲ್ಕು ಮಂದಿ ಆ ಸಂಜೆಯೇ ಅದಕ್ಕೆ ಆರ್ಡರ್ ಕೊಟ್ಟರು.

“ಅಮ್ಮನಿಗೆ ಇದನ್ನು ತೋರಿಸುದು ಹೇಗೆ? ಕಾಮಾಲೆ ಬಂದ ಹಾಗೆ ಕಾಣ್ತದೆ” ಎಂದಳು ಹೆಂಡತಿ ಸವಿತಾ.

“ಕಾಮಾಲೆ ಹಳದಿ. ಇದು ಹಸಿರು” ಎಂದೆ. ತಜ್ಞರು ನಿಖರವಾಗಿರಬೇಕು.

ಗುಂಪಿನಲ್ಲಿದ್ದ ಸುಳ್ಯದ ಹಳೆಯ ಸ್ಟುಡಿಯೋದ ಶೀನಣ್ಣ ಮಾತ್ರ ಒಂದೇ ಸಾಲು ಬರೆದರು: “ನೆಗೆಟಿವ್ ತನ್ನಿ.” ನನ್ನ ತೀರ್ಪಿಗೆ ಹಿರಿಯರ ಮುದ್ರೆ ಬೀಳಲಿ ಎಂದು ಸವಿತಾಳನ್ನೂ ಕರೆದುಕೊಂಡು ಹೋದೆ.

ಶೀನಣ್ಣ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದರು. “ಫಿಲ್ಮಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ. ಎರಡೂ ಒಳ್ಳೇದುಂಟು. ಸ್ಕ್ಯಾನ್ ಮಾಡಿದವರು ಒಂದರ ಬಣ್ಣ ಸರಿ ಮಾಡಿದ್ದಾರೆ, ಇನ್ನೊಂದನ್ನು ಹಾಗೇ ಬಿಟ್ಟಿದ್ದಾರೆ. ನೀವು ಪರೀಕ್ಷೆ ಮಾಡಿದ್ದು ಅವರ ಮೆಷಿನನ್ನು.”

“ಹಾಗಾದರೆ ಆ ಮೃದುತ್ವ?”

“ನೋಡುವ” ಎಂದು ತಮ್ಮ ಯಂತ್ರದಲ್ಲಿ ಎರಡನ್ನೂ ದೊಡ್ಡದಾಗಿ ಸ್ಕ್ಯಾನ್ ಮಾಡಿದರು.

ಸೀರೆ ನೀಲಿಯಾಯಿತು. ಅತ್ತೆ ಮನುಷ್ಯವರ್ಣಕ್ಕೆ ಮರಳಿದರು. ಆದರೆ ಎರಡೂ ರೋಲಿನಲ್ಲಿ ಅವರ ಮುಖ ಮಸುಕಾಗಿಯೇ ಉಳಿಯಿತು. ಅವರ ಹಿಂದೆ ಹಗ್ಗದಲ್ಲಿ ಒಣಗುತ್ತಿದ್ದ ನನ್ನ ಬನಿಯನ್ ಮಾತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ, ತೂತುಗಳನ್ನು ಎಣಿಸಬಹುದಿತ್ತು. ಸವಿತಾ ಎಣಿಸಿದಳು. ಏಳು.

“ಫೋಕಸ್ ಬನಿಯನಿಗೆ ಹೋಗಿದೆ” ಎಂದರು ಶೀನಣ್ಣ, ನನ್ನ ಮುಖ ನೋಡದೆ. “ಅಗ್ಗದ ಸ್ಕ್ಯಾನಿನಲ್ಲಿ ಎಲ್ಲವೂ ಮಸುಕು. ಹಾಗಾಗಿ ನಿಮ್ಮ ತಪ್ಪು ಗೊತ್ತಾಗ್ಲಿಲ್ಲ.”

ಮರುದಿನ ಗುಂಪಿನಲ್ಲಿ ಕ್ಷಮಾಪಣೆ ಬರೆದೆ. ಆ ನಾಲ್ಕು ಮಂದಿ ಇಂದಿಗೂ ಉತ್ತರಿಸಿಲ್ಲ.

ಅತ್ತೆಗೆ ಶೀನಣ್ಣ ಮಾಡಿಕೊಟ್ಟ ಪ್ರಿಂಟನ್ನೇ ಕೊಟ್ಟೆ. ಅವರು ಕನ್ನಡಕ ಹಾಕಿ ಬಹಳ ಹೊತ್ತು ನೋಡಿ, “ನಿಮ್ಮ ಬನಿಯನ್ ಒಳ್ಳೆ ಬಂದಿದೆ” ಎಂದರು. ಕೊಂಕಿರಲಿಲ್ಲ, ಅಳಿಯನ ಮನಸ್ಸು ನೋಯಬಾರದೆಂಬ ಕಾಳಜಿಯಿತ್ತು. ಅದೇ ಹೆಚ್ಚು ನೋಯಿಸಿತು.

ಸವಿತಾ ಅವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಒಂದೇ ಒಂದು. ಈಗ ಚಾವಡಿಯ ಗೋಡೆಯಲ್ಲಿ ಅದೇ ಇದೆ, ಅತ್ತೆ ನಗುತ್ತಿದ್ದಾರೆ. ಅದಕ್ಕೆ ಮೊಳೆ ಹೊಡೆದವನು ನಾನು. ಸ್ವಲ್ಪ ಓರೆಯಾಗಿದೆ.