ಕಂಪ್ಯೂಟರಿಗೆ ಬಾಜು ಹೊಲದ ನೀರು

‘ನನಗೆ ಗೊತ್ತಿಲ್ಲ’ ಎಂದು ಹೇಳಲು ನನ್ನ ನಾಲಿಗೆ ಹೊರಳುವುದೇ ಇಲ್ಲ. ಸಿಂಧನೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ನಾನು ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಹಾಳೆಯನ್ನು ಎಳೆದು ತೆಗೆದೆ. ಅಂದಿನಿಂದ ಶಾಲೆಗೆ ನಾನೇ ಕಂಪ್ಯೂಟರ್ ಪಂಡಿತ. ಮದುವೆಮನೆಯಲ್ಲೂ ಜನ ಕೆಟ್ಟ ಮೊಬೈಲನ್ನು ನನ್ನ ಕೈಗಿಡುತ್ತಾರೆ. ನಾನು ಕನ್ನಡಕ ಏರಿಸಿ, “ಸೆಟಿಂಗ್ಸ್ ಪ್ರಾಬ್ಲೆಮ್” ಎನ್ನುತ್ತೇನೆ. ಲಿಂಗಸುಗೂರಿನ ನನ್ನ ಭಾವನವರ ಟಿ.ವಿ. ಈ ಮಾತು ಕೇಳಿದ ಮೇಲೆ ಮತ್ತೆ ಹೊತ್ತಿಕೊಂಡಿಲ್ಲ.

ಇಂಥ ನಾನು ಒಂದು ದಿನ ಮಧ್ಯಾಹ್ನ, ನಿಧಾನವಾಗಿದ್ದ ಆಫೀಸಿನ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ಹಾಕಿದೆ. ಪರದೆ ಫಳಫಳ ಹೊಳೆಯಿತು. ಆದರೆ ನೆಟ್ ಇಲ್ಲ! ಸೆಟಿಂಗ್ಸ್ ತೆರೆದರೆ ನೆಟ್‌ವರ್ಕ್ ಇರಬೇಕಾದ ಜಾಗವೇ ಖಾಲಿ. ಅಷ್ಟರಲ್ಲಿ ಸಾಲಗುಂದದಿಂದ ಹನುಮವ್ವ ಕಾಗದಪತ್ರ ಹಿಡಿದು ಬಂದಳು. ಹತ್ತನೆಯ ತರಗತಿ ಪರೀಕ್ಷೆಗೆ ಹೆಸರು ಕಳಿಸಲು ಅಂದೇ ಕಡೆಯ ದಿನ, ಸಂಜೆ ಐದರವರೆಗೆ ಮಾತ್ರ. ಉಳಿದವರದೆಲ್ಲ ಹೋಗಿತ್ತು, ಬಾಕಿ ಇದ್ದದ್ದು ಅವಳ ಮಗಳು ರೇಣುಕಾಳ ಹೆಸರೊಂದೇ.

“ಒಂದು ವರ್ಷ ಸಾಲಿ ಬಿಟ್ಟು ಕುರಿ ಹಿಂದ ಹೋಗ್ಯಾಳ್ರೀ ಸರ್. ಈ ಸಲನೂ ತಪ್ಪಿತಂದ್ರ ಮತ್ತ ಸಾಲಿ ಕಡೆ ಬರಂಗಿಲ್ಲ,” ಎಂದಳು ಹನುಮವ್ವ. ಕೇಬಲ್ ಕಿತ್ತು ಹಾಕಿದೆ, ಊದಿದೆ, ಆರು ಸಲ ಆರಿಸಿ ಹೊತ್ತಿಸಿದೆ. ನನ್ನ ಫೋನಿನಲ್ಲಿ ಹುಡುಕಿದಾಗ ರೋಗವೇನೋ ತಿಳಿಯಿತು: ನೆಟ್ ಹಿಡಿಯಲು ಬೇಕಾದ ‘ಡ್ರೈವರ್’ ಎಂಬ ಪುಟ್ಟ ಸಾಫ್ಟ್‌ವೇರ್ ನಾನು ಅಳಿಸಿದ್ದರ ಜೊತೆಗೇ ಹೋಗಿತ್ತು. ಅದನ್ನು ಮತ್ತೆ ತರಬೇಕಾದದ್ದು ನೆಟ್ಟಿನಿಂದಲೇ! ಹೆಸರು ಕಳಿಸುವ ಪುಟವೋ ಫೋನಿನಲ್ಲಿ ತೆರೆಯುವುದೇ ಇಲ್ಲ. ಬಾಗಿಲಲ್ಲಿ ಹೆಡ್‌ಮಾಸ್ತರರು ಇಣುಕಿ, “ಆತೇನ್ರೀ?” ಎಂದರು. “ಆಗಾಕತ್ತೈತ್ರಿ ಸರ್,” ಎಂದೆ. ಆಗ ಗಂಟೆ ನಾಲ್ಕೂಕಾಲು.

ನನ್ನ ಒದ್ದಾಟ ನೋಡುತ್ತ ಕೂತಿದ್ದ ಹನುಮವ್ವ, “ಸರ್, ನಿಮ್ಮ ಫೋನಿನಾಗ ನೆಟ್ ಐತಲ್ರೀ?” ಎಂದಳು. ಇದೆ ಎಂದೆ. “ನಮ್ಮದು ಕಾಲುವೆ ಕೊನೀ ಹೊಲ ರೀ. ನಮ್ಮ ತೂಬಿಗೆ ನೀರು ಬರಲಿಲ್ಲಂದ್ರ ಬಾಜು ಹೊಲದಾಗಿಂದ ಪೈಪ್ ಎಳಕೊಂತೀವಿ. ಇದಕ್ಕ ಹಂಗ ಎಳಿಯಾಕ ಬರಂಗಿಲ್ಲೇನ್ರಿ?”

“ಹಂಗೆಲ್ಲ ಆಗಂಗಿಲ್ಲವ್ವ, ಇದು ಟೆಕ್ನಿಕಲ್,” ಎಂದು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಚಾರ್ಜರಿನ ವೈರ್ ತೆಗೆದು ಒಂದು ತುದಿ ಫೋನಿಗೆ, ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ಫೋನಿನಲ್ಲಿ ನೆಟ್ ಹಂಚುವ ಗುಂಡಿ ಒತ್ತಿದೆ. ನೆಟ್ ಹರಿದು ಬಂತು! ಡ್ರೈವರ್ ಇಳಿಯಿತು, ಖಾಲಿ ಜಾಗದಲ್ಲಿ ನೆಟ್‌ವರ್ಕ್ ಮೂಡಿತು. ಐದಕ್ಕೆ ಹನ್ನೆರಡು ನಿಮಿಷ ಇರುವಾಗ ರೇಣುಕಾಳ ಹೆಸರು ಹೋಗಿ ಸೇರಿತು. ಕುರ್ಚಿಯಿಂದ ಎದ್ದು ಕುಣಿದೆ ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಹೆಡ್‌ಮಾಸ್ತರರು ಓಡಿ ಬಂದು, “ಭಾರಿ ಆತು ಬಿಡ್ರೀ! ಹ್ಯಾಂಗ ಮಾಡಿದ್ರಿ?” ಎಂದರು. “ಸೆಟಿಂಗ್ಸ್...” ಎಂದು ಶುರು ಮಾಡಿ ಹನುಮವ್ವನ ಮುಖ ನೋಡಿದೆ. “ಇಕಿ ಹೇಳಿದ್ಲು ರೀ, ನಾ ಮಾಡಿದೆ,” ಎಂದೆ. ಅವಳು ಪ್ರಿಂಟರಿನಿಂದ ಬಂದ ರಸೀದಿಯನ್ನು ನಾಲ್ಕಾಗಿ ಮಡಿಚಿ ಸೆರಗಿಗೆ ಗಂಟು ಹಾಕಿಕೊಂಡು ಕೇಳಿದಳು: “ಹಂಗಾದ್ರ ನನ್ನ ಮಗಳು ಪರೀಕ್ಷೆಗೆ ಕೂಡ್ತಾಳಲ್ರೀ?”

“ಕೂಡ್ತಾಳವ್ವ.”

“ಮತ್ತೇನಿಲ್ರೀ ಸರ್, ಆಕಿ ಪಾಸಾಗೂತನಕ ನೀವು ಆ ಡಬ್ಬಿಗೆ ಕೈ ಹಚ್ಚಬ್ಯಾಡ್ರಿ.”

ಹೆಡ್‌ಮಾಸ್ತರರ ಎದುರಿಗೇ ಮಾತು ಕೊಟ್ಟೆ.