ಅದುರುವ ಇಂಜಿನ್ನು ಬೇಕಾಗಿದೆ

ಚೆನ್ನಾಗಿ ಓಡುವ ಇಂಜಿನ್ ಕಂಡರೆ ಹಾಗಲಕಾಯಿ ಕಚ್ಚಿದವರಂತೆ ಮುಖ ಮಾಡುವ ಮನುಷ್ಯರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿರಲಾರಿರಿ. ಇಡೀ ಕೋಲಾರದ ಸೀಮೆಗೆ ಅಂಥವರು ಇದ್ದದ್ದೇ ಒಬ್ಬರು, ಆ ಒಬ್ಬರು ನನ್ನ ಪಾಲಿಗೆ ಸೋದರಮಾವನಾಗಿ ಬಂದಿದ್ದರು! ಇಂಜಿನ್ ನುಣ್ಣಗೆ ತಿರುಗಿದರೆ ಅವರಿಗೆ ಅನುಮಾನ, ಗಡಗಡ ನಡುಗಿದರೆ ಆನಂದ. ಮಾವನಿಗೆ ಎಲ್ಲೋ ಒಂದು ಸ್ಕ್ರೂ ಸಡಿಲ ಎಂದು ನಮ್ಮ ಬಳಗದವರೆಲ್ಲ ಮೆಲ್ಲಗೆ ಹೇಳುತ್ತಿದ್ದರು. ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೆ, ಯಾಕೆಂದರೆ ಅವರ ಹಿಂದೆ ತಿರುಗಿ ಭಾನುವಾರಗಳನ್ನು ಕಳೆದುಕೊಂಡವಳು ನಾನು.

ಮಾವನ ಮನೆ ಗೌನಿಪಲ್ಲಿಯಿಂದಾಚೆ, ಮಾವಿನ ತೋಪಿನ ನಡುವೆ. ಮನೆಯಲ್ಲಿ ಮಾವ, ಅತ್ತೆ ಮತ್ತು ಗಾಡಿ. ಗಾಡಿ ಎಂದರೆ ಮಿಲಿಟರಿಯವರು ಸಾಕಾಗಿ ಹರಾಜು ಹಾಕಿದ ಜೀಪು. ಮಾವ ಅದರ ಬೆನ್ನು ಕತ್ತರಿಸಿ, ಹಲಗೆಯ ತೊಟ್ಟಿ ಕೂರಿಸಿ, ಮಾವಿನಕಾಯಿ ತುಂಬಲು ಅನುಕೂಲ ಮಾಡಿಕೊಂಡಿದ್ದರು. ನಾಲ್ಕು ಚಕ್ರವೂ ಎಳೆಯುವ ಗಾಡಿ. ಮಳೆ ಬಿದ್ದು ತೋಪೆಲ್ಲ ಕೆಸರಾದಾಗ ಎತ್ತುಗಳೇ ನಿಂತುಬಿಡುವ ಕಡೆಯಲ್ಲೂ ಅದು ಗೊಣಗಿಕೊಂಡು ದಿಬ್ಬ ಹತ್ತುತ್ತಿತ್ತು. ಸದ್ದನ್ನು ಮಾತ್ರ ಕೇಳಬೇಡಿ! ಕೆರೆಯ ತಿರುವಿನಲ್ಲಿ ಅದು ಒಮ್ಮೆ ಕೆಮ್ಮಿದರೆ ತೋಪಿನ ಗಿಳಿಗಳೆಲ್ಲ ಎದ್ದು ಆಂಧ್ರಕ್ಕೆ ಹೋಗಿ, ಸಂಜೆಗೆ ವಾಪಸಾಗುತ್ತಿದ್ದವು.

ಆ ಸದ್ದೇ ಅತ್ತೆಯ ಗಡಿಯಾರ. ತಿರುವಿನಲ್ಲಿ ಗಾಡಿ ಕೇಳಿಸಿತೋ, ಮುದ್ದೆಗೆ ಎಸರಿಡುವರು. ಅದು ಅಂಗಳಕ್ಕೆ ಬರುವಷ್ಟರಲ್ಲಿ ಅಗುಳಿ ತೆಗೆದು ಬಾಗಿಲಲ್ಲಿ ನಿಂತಿರುವರು. “ಮದ್ವೆಯಾಗಿ ಬಂದಾಗಿಂದ ಒಂದಿನ ನಿಮ್ಮಾವನ ಕೈಲಿ ಬಾಗ್ಲು ತಟ್ಟಿಸ್ಕೊಂಡಿಲ್ಲ ಕಣಮ್ಮ ನಾನು” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬೇರೆ ಹೆಂಗಸರು ಕತ್ತಿನ ಸರ ತೋರಿಸುತ್ತಿದ್ದರು, ನಮ್ಮತ್ತೆ ಇದನ್ನು ಹೇಳುತ್ತಿದ್ದರು, ಅಷ್ಟೇ ವ್ಯತ್ಯಾಸ.

ಇಂಥ ಗಾಡಿಯ ಇಂಜಿನ್ ಒಂದು ಬೇಸಿಗೆಯಲ್ಲಿ ತೀರಿಕೊಂಡಿತು. ಶ್ರೀನಿವಾಸಪುರದಿಂದ ಬರುವಾಗ ರೇಡಿಯೇಟರಿನಲ್ಲಿ ನೀರು ಒಣಗಿದೆ. ಸುತ್ತ ಎಲ್ಲೂ ಹನಿ ನೀರಿಲ್ಲ. ಮಾವನ ಹತ್ತಿರ ಇದ್ದದ್ದು ಅತ್ತೆ ಕಟ್ಟಿಕೊಟ್ಟ ಮಜ್ಜಿಗೆ. ಇನ್ನೇನು ಮಾಡುತ್ತಾರೆ? ಸುರಿದರು! ಗಾಡಿ ಕರಿಬೇವಿನ ಪರಿಮಳ ಬೀರುತ್ತಾ ಮನೆ ತಲುಪಿತಂತೆ. ಆಮೇಲೆ ಕೆಲವು ದಿನಕ್ಕೆ ಇಂಜಿನ್ನಿನ ಬ್ಲಾಕು ಸೀಳಿತು. “ಮಜ್ಜಿಗೇನಿಂದ ಅಲ್ಲ, ಅದಕ್ಕೆ ವಯಸ್ಸಾಗಿತ್ತು” ಎಂದು ಮಾವ ಕೊನೆಯವರೆಗೂ ವಾದಿಸಿದರು.

ಬೇರೆ ಇಂಜಿನ್ ಹಾಕಲೇಬೇಕು, ಅದೂ ಬೇಗ. ತೋಪಿನಲ್ಲಿ ಬಾದಾಮಿ ಮಾವು ಬಲಿಯುತ್ತಿತ್ತು. ಬಾಡಿಗೆ ಲಾರಿಯವರು ಅವರಿಗೆ ಬಿಡುವಾದಾಗ ಬರುತ್ತಾರೆ, ಹಣ್ಣು ಅಲ್ಲಿಯವರೆಗೆ ಕಾಯುತ್ತದೆಯೇ? ಒಂದು ಬೆಳಗ್ಗೆ ಮಾವ ಜೋಳಿಗೆ ಹೆಗಲಿಗೇರಿಸಿ ಕೋಲಾರದ ನಮ್ಮ ಮನೆಗೆ ಬಂದಿಳಿದರು. ನಾನಾಗ ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು.

“ಅಮ್ಮಣ್ಣೀ, ಇವತ್ತು ರಜಾ ಅಲ್ವಾ? ನಡಿ, ಇಂಜನ್ ನೋಡ್ಕೊಂಡ್ ಬರಾಣ.”

“ಇಂಜನ್ ವಿಷ್ಯ ನಂಗೇನ್ ಗೊತ್ತು ಮಾವ?”

“ಗೊತ್ತಿರೋರು ಬ್ಯಾಡ. ಕಿವಿ ಇರೋರು ಬೇಕು. ದಿನಾ ಮದ್ರಾಸು ಬೊಂಬಾಯಿ ಎಲ್ಲಾ ಕೇಳಿಸ್ಕೊಂತೀಯ, ಒಂದು ಇಂಜನ್ ಕೇಳಿಸ್ಕಳಾಕೆ ಆಗಲ್ವಾ?”

ಹೀಗೆ ನಾನು ಇಂಜಿನ್ ಪರೀಕ್ಷಕಿಯಾದೆ. ಮೊದಲು ಕೋಲಾರದ ಬಸ್ ನಿಲ್ದಾಣದ ಹಿಂದಿನ ಒಂದು ಗ್ಯಾರೇಜು. ಮೇಸ್ತ್ರಿ ಯಾವುದೋ ಕಾರಿನಿಂದ ಬಿಚ್ಚಿದ ಪೆಟ್ರೋಲ್ ಇಂಜಿನ್ನನ್ನು ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಒರೆಸಿ ಇಟ್ಟಿದ್ದ. ಚಾಲೂ ಮಾಡಿ, ಅದರ ನೆತ್ತಿಯ ಮೇಲೆ ಎಂಟಾಣೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದ. ನಾಣ್ಯ ಮಿಸುಕಲಿಲ್ಲ! ಸುತ್ತ ನಿಂತವರು “ಆಹಾ” ಎಂದರು.

ಮಾವ ಜೋಳಿಗೆಗೆ ಕೈ ಹಾಕಿದರು. ಒಂದು ಹಿತ್ತಾಳೆ ತಟ್ಟೆ ತೆಗೆದರು. ಒಂದು ಸ್ಟೀಲ್ ಲೋಟ ತೆಗೆದರು. ಊಟಕ್ಕೆ ಕೂರುತ್ತಾರೇನೋ ಎಂದು ನಾನು ಗಾಬರಿಯಾದೆ. ಅವರು ಹೋಗಿ ಗ್ಯಾರೇಜಿನ ಗೋಡೆಯಲ್ಲಿದ್ದ ಹಲಗೆಯ ಮೇಲೆ ತಟ್ಟೆಯನ್ನು ಗೋಡೆಗೊರಗಿಸಿ, ಅದಕ್ಕೆ ತಾಕುವಂತೆ ಲೋಟ ಇಟ್ಟರು.

“ಅಮ್ಮಣ್ಣೀ, ಗೋಡೆ ಮ್ಯಾಲೆ ಅಂಗೈ ಇಡು. ಅದುರ್ತಾ?”

ಊರ ಮಧ್ಯದ ಗ್ಯಾರೇಜಿನಲ್ಲಿ ಸೀರೆಯುಟ್ಟ ಸರ್ಕಾರಿ ನೌಕರಳು ಗೋಡೆಗೆ ಅಂಗೈ ಒತ್ತಿ ನಿಂತ ದೃಶ್ಯವನ್ನು ಊಹಿಸಿಕೊಳ್ಳಿ! “ಇಲ್ಲ ಮಾವ” ಎಂದೆ, ನೆಲ ಬಾಯ್ಬಿಡಬಾರದೇ ಎಂದುಕೊಳ್ಳುತ್ತಾ.

“ತಟ್ಟೇನೂ ಅಲ್ಲಾಡ್ಲಿಲ್ಲ. ಬ್ಯಾಡ ಬಿಡು, ಇದು ಆಗಲ್ಲ.”

“ಅರೇ ಯಜಮಾನ್ರೇ, ಅಲ್ಲಾಡ್ಬಾರ್ದು ಅಂತ ತಾನೇ ನಾನು ಇಷ್ಟು ಕಷ್ಟ ಬಿದ್ದಿರೋದು!” ಮೇಸ್ತ್ರಿಯ ದನಿಯಲ್ಲಿ ಅಳುವೊಂದೇ ಬಾಕಿ.

ಮುಂದಿನ ಸಲ ಮಾಲೂರು. ಹೆಂಚಿನ ಕಾರ್ಖಾನೆಯೊಂದರಲ್ಲಿ ಹಳೆಯ ವ್ಯಾನಿನ ಡೀಸೆಲ್ ಇಂಜಿನ್ ಇದೆಯೆಂದು ಯಾರೋ ಹೇಳಿದ್ದರು. ಮಾವ ಆಫೀಸಿನ ಕಿಟಕಿಯಲ್ಲಿ ತಟ್ಟೆ ಲೋಟ ಜೋಡಿಸಿ, ಒಣಗಲು ಇಟ್ಟ ಹೆಂಚುಗಳ ಸಾಲಿನಾಚೆ ಹೋಗಿ ನಿಂತರು. ಇಂಜಿನ್ ಶುರುವಾಯಿತು. ಮೊದಲು ಏನೂ ಇಲ್ಲ. ಆಮೇಲೆ ಲೋಟ ಕಿಣಿಕಿಣಿ ಎಂದಿತು, ತಟ್ಟೆ ಝಲ್ ಎಂದಿತು, ಕಿಟಕಿಯ ಗಾಜೆಲ್ಲ ನಡುಗಿತು. ಮಾವ ಅಲ್ಲಿಂದಲೇ ಕೈಯೆತ್ತಿ ಕೂಗಿದರು, “ಬಾಗುಂದಿ! ಚೆನ್ನಾಗೈತೆ! ಇದೇ! ಇದ್ನೇ ಕಟ್ಟಿ!”

ಮರುಗಳಿಗೆ ಕಾರ್ಖಾನೆಯ ಹಿಂದೆ ಮದರಾಸಿನ ರೈಲು ದಾಟಿಹೋಯಿತು. ಇಂಜಿನ್ ಓಡುತ್ತಲೇ ಇತ್ತು, ತಟ್ಟೆ ಮಾತ್ರ ತೆಪ್ಪಗಾಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ನಾನು, “ಮಾವ, ರೈಲಿನ ಇಂಜನ್ನೇ ಕೇಳಿನೋಡೋಣ್ವಾ?” ಎಂದೆ. ಅವರು ನಗಲಿಲ್ಲ. “ಅದಕ್ಕೆ ಕಂಬಿ ಬೇಕಲ್ಲ ಅಮ್ಮಣ್ಣಿ” ಎಂದರು, ಗಂಭೀರವಾಗಿ.

ಮುಳಬಾಗಿಲಿನಲ್ಲಿ ತಟ್ಟೆ ಬಿತ್ತು, ಲೋಟವೂ ಬಿತ್ತು, ಆದರೆ ಅದು ಲಾರಿಯ ಇಂಜಿನ್. “ಇದನ್ನ ಕೂರಿಸ್ಬೋದು ಸ್ವಾಮಿ, ಆದ್ರೆ ನೀವು ಹಿಂದ್ಗಡೆ ಮಾವಿನಕಾಯಿ ಜತೆ ಕೂತ್ಕೊಂಡು ಓಡಿಸ್ಬೇಕಾಗುತ್ತೆ” ಎಂದ ಅಲ್ಲಿಯ ಮೇಸ್ತ್ರಿ. ಮಾವ ಒಂದು ಕ್ಷಣ ಅದನ್ನೂ ಯೋಚಿಸಿದರು! ನಾನು ರೇಗಿಬಿಟ್ಟೆ. ಆ ಊರಿಗೆ ಹೋಗಿ ದೋಸೆ ತಿಂದು ಸುಮ್ಮನೆ ಬರುವುದು ಬಿಟ್ಟು ಎಲ್ಲಿ ಸಿಕ್ಕಿಹಾಕಿಕೊಂಡೆ ಎನಿಸಿತು. “ಕಾಯಿ ಹಣ್ಣಾಗ್ತಿದೆ ಮಾವ, ಕೋಲಾರದ್ದನ್ನೇ ತಗೋ. ಲೋಕದಲ್ಲಿ ಎಲ್ರೂ ಅದುರದೇ ಇರೋದು ಹುಡುಕ್ತಾರೆ” ಎಂದೆ. ಅವರು ದೋಸೆಯ ಅಂಚು ಮುರಿಯುತ್ತಾ, “ಎಲ್ರ ಮನೇನೂ ಒಂದೇ ಥರ ಇರಲ್ಲ ಕಣಮ್ಮ” ಎಂದರು. ನನಗೆ ಅರ್ಥವಾಗಲಿಲ್ಲ, ಚಟ್ನಿ ಹಾಕಿಸಿಕೊಂಡೆ.

ಕೊನೆಗೆ ಶ್ರೀನಿವಾಸಪುರದಲ್ಲಿ, ಅವರ ಮನೆಗೆ ಹೋಗುವ ದಾರಿಯಲ್ಲೇ, ಒಂದು ಶೆಡ್ಡಿನ ಮೂಲೆಯಲ್ಲಿ ಸಿಕ್ಕಿತು. ಟ್ರಾಕ್ಟರಿನಿಂದ ಕಳಚಿದ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್. ಮೇಸ್ತ್ರಿಯೇ ಅಡ್ಡ ಬಂದ. “ವದ್ದಣ್ಣಾ, ಬ್ಯಾಡ. ಇದು ಇಂಜನ್ನಲ್ಲ, ದೆವ್ವ!”

ಶುರು ಮಾಡಿದ್ದೇ ತಡ, ತಟ್ಟೆ ಕುಣಿಯಿತು. ಲೋಟ ಹಲಗೆಯ ತುದಿಯವರೆಗೆ ನಡೆದುಕೊಂಡು ಹೋಗಿ ಕೆಳಗೆ ಹಾರಿತು. ಗೋಡೆಯ ಗಾರೆ ನನ್ನ ತಲೆಗೆ ಉದುರಿತು. ಅಂಗೈಯಿಂದ ಹಿಡಿದು ಹಲ್ಲಿನವರೆಗೂ ನಾನು ಅದುರುತ್ತಿದ್ದೆ. ಮಾವನ ಕಣ್ಣಲ್ಲಿ ನೀರು! ಮೇಸ್ತ್ರಿ ನಾಚಿಕೊಂಡು, “ಕೆಳಗಡೆ ದಪ್ಪ ರಬ್ಬರ್ ಕೊಟ್ರೆ ಅದುರೋದು ಕಮ್ಮಿಯಾಗುತ್ತಣ್ಣಾ” ಎಂದ.

“ರಬ್ಬರ್ ಗಿಬ್ಬರ್ ಅಂದ್ರೆ ನೋಡು ಮತ್ತೆ! ಹಿಂಗೇ ಕೂರ್ಸು.”

ಜೀಪಿನ ಗೇರ್‌ಬಾಕ್ಸಿಗೆ ಹೊಂದುವಂತೆ ನಡುವೆ ದಪ್ಪ ಕಬ್ಬಿಣದ ಬಿಲ್ಲೆ ಕಡೆದು, ನಾಲ್ಕು ಚಕ್ರಕ್ಕೂ ಎಳೆತ ಸಿಗುವ ಹಾಗೆ ಮಾಡಿ, ಅಂತೂ ಮೇಸ್ತ್ರಿ ಅದನ್ನು ಕೂರಿಸಿದ. ಬಾದಾಮಿ ಕೊಯ್ಯಲು ಇನ್ನೇನು ಶುರು ಎನ್ನುವಾಗ ಗಾಡಿ ಸಿದ್ಧವಾಯಿತು. ಅದರಲ್ಲಿ ಕೂತು ಬಾ ಎಂದು ಮಾವ ಕರೆದರು. ಹಲ್ಲುಗಳ ಮೇಲಿನ ಮಮತೆಯಿಂದ ನಾನು ಬಸ್ಸು ಹಿಡಿದು ಮೊದಲೇ ಅವರ ಮನೆ ಸೇರಿದೆ.

ಹಿತ್ತಲ ಬಾಗಿಲಿಂದ ಒಳಗೆ ಹೋದೆ. ಅತ್ತೆ ನನಗೆ ಬೆನ್ನು ಮಾಡಿ ಒಲೆಯ ಮುಂದೆ ಸೊಪ್ಪು ಬಿಡಿಸುತ್ತಿದ್ದರು. “ಅತ್ತೆ” ಎಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಇಲ್ಲ. ಎದುರಿಗೆ ಹೋಗಿ ನಿಂತಾಗ ಮುಖವೆಲ್ಲ ಅರಳಿಸಿ, “ಬಾಮ್ಮ ಬಾ, ಏನೋ ಯೋಚ್ನೇಲಿದ್ದೆ” ಎಂದರು.

ಸ್ವಲ್ಪ ಹೊತ್ತಿಗೆ ಕೆರೆಯ ತಿರುವಿನಲ್ಲಿ ಹೊಸ ಇಂಜಿನ್ ಗುಡುಗಿತು. ಗಿಳಿಗಳು ಆಂಧ್ರಕ್ಕೆ ಹೊರಟವು. ಅತ್ತೆ ತಲೆ ಎತ್ತಲಿಲ್ಲ, ಸೊಪ್ಪು ಬಿಡಿಸುತ್ತಲೇ ಇದ್ದರು.

ಗಾಡಿ ಅಂಗಳಕ್ಕೆ ಬಂತು. ಅಡುಗೆಮನೆಯ ಗೋಡೆಯ ಪಕ್ಕದಲ್ಲೇ ನಿಂತಿತು, ಆದರೆ ಇಂಜಿನ್ ಆಫ್ ಆಗಲಿಲ್ಲ. ಗಡಗಡ ಎನ್ನುತ್ತಲೇ ಇತ್ತು. ಒಲೆಯ ಮೇಲ್ಗಡೆ, ಹಲಗೆಯ ಮೇಲೆ ಗೋಡೆಗೊರಗಿಸಿ ಇಟ್ಟಿದ್ದ ಹಿತ್ತಾಳೆ ತಟ್ಟೆಗಳ ಸಾಲು ನಡುಗತೊಡಗಿತು. ಒಂದು ಲೋಟ ಹೆಜ್ಜೆ ಹಾಕಿತು. ಅತ್ತೆಯ ಕಣ್ಣು ಅತ್ತ ಹೋಯಿತು. ಅವರು ಸೊಪ್ಪು ಕೆಳಗಿಟ್ಟು, ಎದ್ದು, ಗೋಡೆಯ ಮೇಲೆ ಅಂಗೈ ಇಟ್ಟರು.

ಗ್ಯಾರೇಜಿನಲ್ಲಿ ಮಾವ ನನ್ನನ್ನು ಹೇಗೆ ನಿಲ್ಲಿಸಿದ್ದರೋ ಹಾಗೆಯೇ. ಅತ್ತೆಯ ಮುಖದಲ್ಲಿ ನಗು ಮೂಡಿತು. ಎಸರಿನ ಪಾತ್ರೆಯನ್ನು ಒಲೆಗೇರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೋಗಿ ಅಗುಳಿ ತೆಗೆದರು. ಬಾಗಿಲು ತೆರೆದ ಮೇಲೆಯೇ ಮಾವ ಇಂಜಿನ್ ನಿಲ್ಲಿಸಿದ್ದು.

ಆಮೇಲೆ ಅಂಗಳದಲ್ಲಿ ಮಾವ ನನಗೊಬ್ಬಳಿಗೇ ಹೇಳಿದರು. ಗಾಡಿ ಕೆಟ್ಟ ಮಾರನೆಯ ದಿನ ಅವರು ಬಸ್ಸಿನಲ್ಲಿ ಬಂದು ಬಾಗಿಲು ತಟ್ಟಿದ್ದರಂತೆ. ಎಷ್ಟು ತಟ್ಟಿದರೂ ತೆಗೆಯಲಿಲ್ಲ. ಹಿತ್ತಲಿಂದ ಹೋಗಿ ಭುಜ ಮುಟ್ಟಿದಾಗ ಅತ್ತೆ ಕಿರುಚಿಕೊಂಡರಂತೆ. “‘ನಂಗೆ ಕೇಳಿಸ್ತು, ಏನೋ ಯೋಚ್ನೇಲಿದ್ದೆ’ ಅಂತ ಸಂಜೆಯೆಲ್ಲಾ ಅತ್ತಳು ಅಮ್ಮಣ್ಣಿ. ಇಷ್ಟ್ ದಿನ ತಟ್ಟೆ ಅದುರೋದು ನೋಡಿ ಬಾಗ್ಲು ತೆಗೀತಿದ್ದಳು ಅಂತ ಆಗ ತಿಳೀತು. ಕಿವಿ ಹೋಗ್ತೈತೆ ಅಂತ ಯಾರ್ಗೂ ಹೇಳಿಲ್ಲ, ನಂಗೂ ಹೇಳಿಲ್ಲ. ಅವ್ಳಾಗಿ ಹೇಳೋಗಂಟ ನಂಗೂ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ.”

ದಿನವಿಡೀ ಊರೂರಿನ ದನಿ ಕೇಳುವ ನಾನು ಅತ್ತೆಗೆ ಕಾಣದಂತೆ ಗಾಡಿಯ ಮರೆಗೆ ಸರಿದೆ. ಅಳು ಬಂತು, ಅತ್ತುಬಿಟ್ಟೆ.

ಊಟಕ್ಕೆ ಕೂತಾಗ ಅತ್ತೆ ಮುದ್ದೆ ಇಕ್ಕುತ್ತಾ ಕೇಳಿದರು, “ಇಂಜನ್ನು ಹೆಂಗೈತೆ? ಸದ್ದು ಕಮ್ಮಿನಾ?”

ಮಾವ ತಲೆ ಎತ್ತಿ, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದರು, “ಹಳೇದ್ರಂಗೇ ಐತೆ ಕಣೇ. ಯಾಕೆ, ನಿಂಗೆ ಕೇಳಿಸ್ಲಿಲ್ವಾ?”

“ಕೇಳಿಸ್ದೆ ಏನು! ಕೆರೆ ತಿರುವ್ನಾಗೇ ಕೇಳಿಸ್ತು” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ಇವತ್ತಿಗೂ ಬಾಗ್ಲು ತಟ್ಟಿಸ್ಕೊಂಡಿಲ್ಲ ನೋಡಮ್ಮ ನಾನು” ಎಂದರು.