ಕಡ ತಂದ ಕಸ

ಹುಬ್ಬಳ್ಳಿಗೆ ಬಂದ ಮೇಲೆ ಕರಿಬಸಪ್ಪನನ್ನು ಕಾಡಿದ ದೊಡ್ಡ ಸಂಕಟವೆಂದರೆ ಮನೆಯಲ್ಲಿ ಕಸವಿಲ್ಲದಿರುವುದು. ನೀರಿನ ಸಂಕಟವಿತ್ತು, ಸೊಳ್ಳೆಯ ಸಂಕಟವಿತ್ತು. ಅವು ಎಲ್ಲರಿಗೂ ಇರುವಂಥವು. ಕಸ ಸಾಲದ ಸಂಕಟ ಮಾತ್ರ ಇಡೀ ಕಾಲೊನಿಯಲ್ಲಿ ಅವನೊಬ್ಬನದೇ.

ಕರಿಬಸಪ್ಪ ಹಂಸಭಾವಿಯವನು. ಅರ್ಧ ಆಯುಷ್ಯ ಹಿರೇಕೆರೂರಿನಲ್ಲಿ ಟಪಾಲು ವಿಂಗಡಿಸಿ, ಈಗ ಅದೇ ಕೆಲಸಕ್ಕೆ ಹುಬ್ಬಳ್ಳಿಗೆ ವರ್ಗವಾಗಿ ಬಂದಿದ್ದ. ಕಸದ ಗಾಡಿಯ ಹೆಣ್ಣುಮಗಳು ಹಸಿರು ಬಕೀಟು, ನೀಲಿ ಬಕೀಟು ಎರಡನ್ನೂ ಕೈಗಿತ್ತು, ಹಸಿ ಕಸ ಇದರಲ್ಲಿ, ಒಣ ಕಸ ಅದರಲ್ಲಿ ಎಂದು ವಿವರಿಸಲು ಹೊರಟಾಗ ಅವನು ಕೈಯೆತ್ತಿ ತಡೆದ.

"ಅದನ್ನ ನನಗ ಹೇಳಬ್ಯಾಡ ತಂಗಿ. ಸವಣೂರ ಟಪಾಲು ಶಿಗ್ಗಾವಿಗೆ ಹೋಗದಂಗ ಜಿಂದಗಿ ತುಂಬ ನೋಡ್ಕೊಂಡೇನಿ. ಬದನಿಕಾಯಿ ತೊಟ್ಟು, ಪ್ಲಾಸ್ಟಿಕ್ ಚೀಲ ಬ್ಯಾರೆ ಮಾಡೂದು ಯಾವ ದೊಡ್ಡ ಕೆಲಸ?"

ವಿಂಗಡಣಾ ಸಾರ್ವಭೌಮನು ಹೀಗೆ ಸರ್ವಸನ್ನದ್ಧನಾಗಿ ನಿಂತ. ಆದರೆ ವಿಂಗಡಿಸಲು ಟಪಾಲೇ ಬರಲಿಲ್ಲ. ಕಾರಣ, ಅಡಿಗೆಮನೆ ಹೆಂಡತಿ ಹಾಲವ್ವನ ವಶದಲ್ಲಿತ್ತು. ಆಕೆಯ ರಾಜ್ಯದಲ್ಲಿ ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು. ನಿನ್ನೆಯ ರೊಟ್ಟಿ ಮುರಿದು ಒಗ್ಗರಣೆ ಬೀಳುತ್ತಿತ್ತು. ಮಿಕ್ಕ ಅನ್ನ ಮಾಳಿಗೆಯ ಮೇಲೆ ಸಂಡಿಗೆಯಾಗಿ ಒಣಗುತ್ತಿತ್ತು. ಚಹಾದ ಚರಟ ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. ಇಷ್ಟೆಲ್ಲ ದಾಟಿ ಏನಾದರೂ ಉಳಿದರೆ ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಲ್ಲುವ ಕೆಂಪು ಆಕಳು ಅದನ್ನು ಮುಗಿಸಿ, ಹಾಲವ್ವನ ಕೈಯನ್ನೂ ನೆಕ್ಕಿ ಹೋಗುತ್ತಿತ್ತು. (ಊರು ಬಿಟ್ಟು ಬಂದ ಮೇಲೆ ಹಾಲವ್ವನಿಗೆ ಸಿಕ್ಕ ಮೊದಲ ಗೆಳತಿ ಈ ಕೆಂಪಿಯೇ.) ಇನ್ನು ಆ ಹಸಿರು ಬಕೀಟಿನಲ್ಲಿ ಹಾಲವ್ವ ಜೋಳದ ಹಿಟ್ಟು ತುಂಬಿಟ್ಟಿದ್ದಳು.

"ಇಷ್ಟು ಚೆಂದದ ಮುಚ್ಚಳದ ಬಕೀಟಿನ್ಯಾಗ ಯಾರರ ಕಸಾ ಹಾಕ್ತಾರೇನ್ರಿ?" ಎಂದು ಆಕೆ ಕೇಳಿದ್ದಳು.

ಹೀಗೆ ದಿನವೂ ಗಾಡಿ ಬಂದಾಗ ಕರಿಬಸಪ್ಪ ನೀಲಿ ಬಕೀಟೊಂದನ್ನೇ ಒಯ್ದು, ತೊಳೆದು ಮಡಿಚಿದ ಹಾಲಿನ ಪಾಕೀಟು ಕೊಟ್ಟು ಬರುತ್ತಿದ್ದ. "ಹಸಿ ಕಸಾರಿ?" ಎಂದರೆ "ಇಲ್ಲವಾ" ಎನ್ನುತ್ತಿದ್ದ. ಮೇಲಿನ ಬಾಲ್ಕನಿಯಿಂದ ಮನೆಯ ಒಡತಿ ಸಂಘಮಿತ್ರಾ ಮೇಡಂ ಚಹಾ ಹೀರುತ್ತ ಇದನ್ನೆಲ್ಲ ನೋಡುತ್ತಿದ್ದರು. ಕಾಲೊನಿ ಸಂಘದ ಕಾರ್ಯದರ್ಶಿಯೂ ಅವರೇ. ಅದೇ ಸಮಯಕ್ಕೆ ಸರಿಯಾಗಿ ಮೂಲೆಯ ಖಾಲಿ ಜಾಗದಲ್ಲಿ ಯಾರೋ ಕದ್ದು ಹಸಿ ಕಸ ಚೆಲ್ಲತೊಡಗಿದರು.

ಒಂದು ಸೋಮವಾರ ಮೇಡಂ ಮೆಟ್ಟಿಲ ಬಳಿ ಅವನನ್ನು ನಿಲ್ಲಿಸಿದರು.

"ಕರಿಬಸಪ್ಪನವರ, ನಿಮ್ಮ ಮನಿ ಹಸಿ ಕಸಾ ಎಲ್ಲಿ ಹೋಗ್ತದ್ರಿ? ನಾ ದಿನಾ ನೋಡಾಕತ್ತೇನಿ. ಬರೂ ಐತವಾರ ಸಂಘದವರೆಲ್ಲ ನಿಮ್ಮ ಅಡಿಗಿಮನಿ ನೋಡಾಕ ಬರ್ತೀವಿ" ಎಂದು ನಕ್ಕು ಮೇಲೆ ಹೋದರು.

ಆ ನಗೆ ಕರಿಬಸಪ್ಪನ ನಿದ್ದೆ ಕೆಡಿಸಿತು. ಮೇಲಧಿಕಾರಿಗಳು ಮೆಮೊ ಕೊಡುವ ಮುಂಚೆ ಹೀಗೆಯೇ ನಗುತ್ತಾರೆಂಬುದು ಅವನ ಅನುಭವ. ಮನೆ ಖಾಲಿ ಮಾಡಿಸುವುದಂತೂ ಖಂಡಿತ. ಅದಾದರೂ ಹೋಗಲಿ, ಇನ್ನೊಂದು ಮನೆ ನೋಡಬಹುದು. ಆದರೆ ಹಾಲವ್ವನನ್ನು ಬೀದಿಯಲ್ಲಿ ಕಸ ಚೆಲ್ಲುವ ಹೊಲಸಿ ಅಂದುಕೊಂಡರೆ? ಎರಡು ಸಲ ಸಾರಿಸಿದ ಮೇಲೂ ನೆಲವನ್ನು ಸಂಶಯದಿಂದ ನೋಡುವ ಹೆಂಗಸು ಆಕೆ. ಆಕೆಗೆ ಅಂಥ ಹೆಸರು ಬರಬಾರದು. ಆಕೆಯ ಕಿವಿಗೆ ಇದು ಬೀಳುವ ಮುಂಚೆ ತಾನೇ ಏನಾದರೂ ಮಾಡಬೇಕೆಂದು ನಿರ್ಧರಿಸಿದ.

ಮೊದಲು ಮನೆಯಲ್ಲೇ ಪ್ರಯತ್ನಿಸಿದ.

"ಇವತ್ತಿನ ಹೀರಿಕಾಯಿ ಸಿಪ್ಪಿ ಚೆಲ್ಲಿಬಿಡು."

"ಯಾಕ್ರಿ?"

"ಬಕೀಟಿಗೆ ಬೇಕಾಗೇತಿ."

"ಬಕೀಟು ಚಟ್ನಿ ತಿಂತೈತೇನು?"

"ಹಂಗಲ್ಲ. ಇದು ಸಿಟಿ ಐತಿ. ಇಲ್ಲಿ ನಾಕ ಮಂದಿ ಹಂಗ ಒಂದಿಷ್ಟು ಚೆಲ್ಲಬೇಕಾಕೈತಿ."

"ನಮ್ಮವ್ವ ನನಗ ಅಡಗಿ ಮಾಡೂದು ಕಲಿಸ್ಯಾಳ, ಚೆಲ್ಲೂದು ಕಲಿಸಿಲ್ಲ. ನಿಮ್ಮವ್ವ ಕಲಿಸಿದ್ರ ನೀವ ಚೆಲ್ರಿ."

ಮಾತು ಅವ್ವಂದಿರವರೆಗೆ ಹೋದ ಮೇಲೆ ಅಲ್ಲಿ ನಿಲ್ಲುವುದು ಕ್ಷೇಮವಲ್ಲವೆಂದು ಅವನಿಗೆ ಗೊತ್ತಿತ್ತು. ಹಿತ್ತಲಿಗೆ ಹೋಗಿ ಯೋಚಿಸುತ್ತ ನಿಂತ. ಹಂಸಭಾವಿಯಲ್ಲಿ ಮನೆಯಲ್ಲಿ ಏನಾದರೂ ತೀರಿದರೆ ಏನು ಮಾಡುತ್ತಿದ್ದರು? ಸಕ್ಕರೆ ತೀರಲಿ, ಮೊಸರಿನ ಹೆಪ್ಪು ತೀರಲಿ, ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಿ ಕಡ ತರುತ್ತಿದ್ದರು. ಹಾಗಾದರೆ ಕಸಕ್ಕೇಕೆ ಬೇರೆ ನ್ಯಾಯ?

ಪಕ್ಕದ ಮನೆಯಲ್ಲಿ ಸವಣೂರಿನ ದಿಲ್ಶಾದ ಮತ್ತು ಅಫ್ಜಲ ಇದ್ದರು. ಅಫ್ಜಲನದು ಬಸ್ ಸ್ಟ್ಯಾಂಡಿನ ಹತ್ತಿರ ಹಣ್ಣು ಹೆಚ್ಚಿ ಕೊಡುವ ಗಾಡಿ. ಬೆಳಿಗ್ಗೆ ಗಂಡ ಹೆಂಡತಿ ಕೂತು ಮನೆಯಲ್ಲೇ ಪಪ್ಪಾಯಿ, ಅನಾನಸು, ಕಲ್ಲಂಗಡಿ ಸುಲಿಯುತ್ತಿದ್ದರು. ಕರಿಬಸಪ್ಪ ಆ ಸಿಪ್ಪೆಯ ರಾಶಿಯನ್ನು ಆಸೆಗಣ್ಣಿನಿಂದ ನೋಡಿ, ಮರುದಿನ ಬೆಳಕು ಹರಿಯುತ್ತಲೇ ಅವರ ಬಾಗಿಲಲ್ಲಿ ಹೋಗಿ ನಿಂತ.

"ದಿಲ್ಶಾದಾ, ಒಂದೀಟು ಹಸಿ ಕಸಾ ಇದ್ರ ಕೊಡ್ವಾ."

ದಿಲ್ಶಾದ ಚಾಕು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಕಸಾನ್ರಿ ಕಾಕಾ?"

"ಹ್ಞೂಂ. ನಮ್ಮನ್ಯಾಗ ತೀರೇತಿ."

ಕಸ ತೀರಿದ ಮನೆಯ ಸಂಗತಿಯನ್ನು ಆಕೆ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೂ ಹಿರಿಯರು ಬಾಯಿ ಬಿಟ್ಟು ಕೇಳಿದಾಗ ಇಲ್ಲ ಅನ್ನಬಾರದೆಂದು ಬುಟ್ಟಿ ತುಂಬಿ ಕೊಟ್ಟಳು. "ಎಷ್ಟರ ಒಯ್ರಿ ಕಾಕಾ, ತಿರುಗಿ ಕೊಡೂದೇನ ಬ್ಯಾಡ" ಎಂದೂ ಹೇಳಿದಳು.

ಗಾಡಿ ಬಂತು. ಕರಿಬಸಪ್ಪ ಬುಟ್ಟಿಯನ್ನು ಬಾಲ್ಕನಿಗೆ ಕಾಣುವಷ್ಟು ಎತ್ತರಕ್ಕೆ ಎತ್ತಿ ಹಿಡಿದು, "ನಮ್ಮ ಮನಿ ಹಸಿ ಕಸಾ! ತಗೋ ತಂಗಿ!" ಎಂದು ಓಣಿಗೆಲ್ಲ ಕೇಳುವಂತೆ ಸಾರಿದ. ಮೇಲೆ ಮೇಡಂ ಚಹಾದ ಕಪ್ಪನ್ನು ತುಟಿಯಿಂದ ಇಳಿಸಿದ್ದನ್ನು ಕಂಡು ಅವನ ಎದೆ ಹಗುರಾಯಿತು.

ಉಳಿದದ್ದು ಒಂದೇ ತೊಡಕು. ನೆರೆಮನೆಯ ಬುಟ್ಟಿಯನ್ನು ಬರಿದಾಗಿ ತಿರುಗಿಸುವುದುಂಟೇ? ಊರಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಹಾಲವ್ವ ದೇವರಮನೆಯಲ್ಲಿದ್ದಾಗ ಅವನು ಮೆಲ್ಲಗೆ ಶೇಂಗಾ ಹಿಂಡಿಯ ಡಬ್ಬಿ ತೆರೆದು, ಒಂದು ಬಟ್ಟಲು ತುಂಬಿ, ತೊಳೆದ ಬುಟ್ಟಿಯಲ್ಲಿಟ್ಟು ಕೊಟ್ಟು ಬಂದ. ಹಾಲವ್ವನ ಕೈಯ ಶೇಂಗಾ ಹಿಂಡಿಯೆಂದರೆ ಸಾಮಾನ್ಯವೇ? ಬೆಳ್ಳುಳ್ಳಿ, ಜೀರಿಗೆ ಹದವಾಗಿ ಬಿದ್ದ ಆ ಚಟ್ನಿಪುಡಿಯನ್ನು ಬಿಸಿ ರೊಟ್ಟಿ ಮೊಸರಿನ ಜೊತೆ ತಿಂದರೆ ಮಾತೇ ಬೇಡ. ಮರುದಿನ ದಿಲ್ಶಾದ ಬುಟ್ಟಿ ತುಂಬಿಟ್ಟುಕೊಂಡು ತಾನೇ ಕಾದಿದ್ದಳು.

ಶನಿವಾರದವರೆಗೂ ಈ ವ್ಯವಹಾರ ಸುಗಮವಾಗಿ ನಡೆಯಿತು. ಹಾಲವ್ವ ಮಾತ್ರ ಡಬ್ಬಿಯೊಳಗೆ ಇಣುಕಿ ಇಣುಕಿ ನೋಡಿದಳು.

"ಹಿಂಡಿ ತಳಾ ಕಂಡೈತಿ ನೋಡ್ರಿ. ಇಲಿ ಬಂದಾವಂತ ಕಾಣ್ತೈತಿ."

"ಹುಬ್ಬಳ್ಳಿ ಇಲಿ ಶಾಣ್ಯಾ ಇರ್ತಾವ" ಎಂದ ಕರಿಬಸಪ್ಪ.

"ತಿಂದು ಮುಚ್ಚಳಾನೂ ಹಾಕಿ ಹೋಗ್ತಾವೇನು?" ಎನ್ನುತ್ತ ಹಾಲವ್ವ ಇಲಿಬೋನು ಇಟ್ಟಳು.

ಭಾನುವಾರ ಬಂದೇ ಬಂತು. ಸಂಘಮಿತ್ರಾ ಮೇಡಂ, ಎದುರು ಮನೆಯ ಪ್ರಶಾಂತ, ಇನ್ನೂ ನಾಲ್ಕು ಜನ ಅಡಿಗೆಮನೆಗೆ ಬಂದರು. ಏನು ನಡೆದಿದೆ ನೋಡೋಣವೆಂದು ದಿಲ್ಶಾದಳೂ ಹಿಂದೆಯೇ ಬಂದಳು. ಮೇಡಂ ನೇರವಾಗಿ ಹಸಿರು ಬಕೀಟಿನ ಮುಚ್ಚಳ ತೆಗೆದರು. ಒಳಗೆ ಬೆಳ್ಳಗೆ ಜೋಳದ ಹಿಟ್ಟು. ಕರಿಬಸಪ್ಪ ಕಣ್ಣು ಮುಚ್ಚಿಕೊಂಡ.

"ನೋಡಿದ್ರ್ಯಾ? ಹಿಟ್ಟು ತುಂಬುವಷ್ಟು ಸ್ವಚ್ಛ ಐತಿ!" ಎಂದರು ಮೇಡಂ. "ಹಾಲವ್ವಾರ, ಈ ವರ್ಷದ ಕಡಿಮಿ ಕಸದ ಮನಿ ಬಹುಮಾನ ನಿಮಗ ಅಂತ ನಾ ಎಂದೋ ನಿಶ್ಚೆ ಮಾಡಿದ್ದೆ. ನಿಮ್ಮ ಅಡಿಗಿಮನಿ ಎಲ್ಲಾರಿಗೂ ತೋರಿಸಬೇಕಂತಿದ್ದೆ. ಆದ್ರ ಈ ವಾರ ಏನಾತ್ರಿ ನಿಮಗ? ದಿನಾ ಬುಟ್ಟಿಗಟ್ಲೆ ಹಣ್ಣಿನ ಸಿಪ್ಪಿ!"

"ನಮ್ಮನಿಯಿಂದಾ?" ಎಂದಳು ಹಾಲವ್ವ.

"ಮತ್ತ ಆ ಮೂಲಿ ಜಾಗಾದ ಕಸಾ?" ಕರಿಬಸಪ್ಪ ಕಣ್ಣು ತೆರೆದು ಕೇಳಿದ.

"ಅದು ಆಚಿ ಓಣಿಯವರದು, ಹಿಡದೀವಿ. ನಿಮ್ಮ ಮ್ಯಾಲ ಯಾರು ಸಂಶೆ ಪಟ್ಟಿದ್ರು?" ಎಂದ ಮೇಡಂ, ಕೈಯಲ್ಲಿದ್ದ ಹೊಸ ಸ್ಟೀಲ್ ಡಬ್ಬಿಯನ್ನು ದಿಲ್ಶಾದಳತ್ತ ಚಾಚಿದರು. "ಹಣ್ಣಿನ ಧಂದೆ ಮಾಡಿನೂ ಇವರ ಮನಿಯಿಂದ ವಾರದಾಗ ಒಂದು ಸಿಪ್ಪಿ ಬಂದಿಲ್ಲ. ಬಹುಮಾನ ಇವರಿಗೆ."

ದಿಲ್ಶಾದ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯ, ನನಗ ಯಾಕ್ರಿ ಮೇಡಂ? ಕಾಕಾ ಕೊಟ್ಟಿದ್ದು ನಮ್ಮ ಕಸಾ. ಅವ್ರ ಮನ್ಯಾಗ ತೀರಿತ್ತಂತ ದಿನಾ ಒಯ್ದ್ರು. ಬದಲಿಗೆ ಬಟ್ಲ ತುಂಬ ಶೇಂಗಾ ಹಿಂಡಿ ಕೊಟ್ರು."

ಹಾಲವ್ವ ಒಮ್ಮೆ ಹಿಂಡಿಯ ಡಬ್ಬಿಯನ್ನೂ, ಒಮ್ಮೆ ಗಂಡನನ್ನೂ ನೋಡಿದಳು.

"ಇಲಿ ಸಿಕ್ತು ಬಿಡ್ರಿ" ಎಂದಳು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ನಗುತ್ತಲೇ ಸ್ಟೀಲ್ ಡಬ್ಬಿಯನ್ನು ಹಾಲವ್ವನ ಕೈಗಿತ್ತರು. ಆ ನಗೆ ಹೊಸ್ತಿಲು ದಾಟಿ ಹೋದ ಮೇಲೆ ಕರಿಬಸಪ್ಪ ತಲೆ ಬಗ್ಗಿಸಿ ಹೇಳಿದ, "ನಿನ್ನ ಮಂದಿ ಹೊಲಸಿ ಅಂದಾರು ಅಂತ ಹೆದರಿದ್ನೆ. ನನಗ ತಡಕೊಳ್ಳಾಕ ಆಗಲಿಲ್ಲ."

ಹಾಲವ್ವನಿಗೆ ಸಿಟ್ಟು ಬಂದಿತ್ತು ನಿಜ. ಆದರೆ ಈ ಮನುಷ್ಯ ತನ್ನ ಹೆಸರಿಗಾಗಿ ಊರ ಸಿಪ್ಪೆ ಹೊತ್ತನಲ್ಲ ಎಂದು ಆಕೆಯ ಕಣ್ಣು ತುಂಬಿ ಬಂತು. ಬಿಸಿ ರೊಟ್ಟಿಯ ಮೇಲೆ ಕೈ ಬಿಚ್ಚಿ ತುಪ್ಪ ಹಾಕಿ ಬಡಿಸಿದಳು. ಅವನು ಉಂಡು ಕೈ ತೊಳೆದು ಬರುವಷ್ಟರಲ್ಲಿ ಹಿತ್ತಲಲ್ಲಿ ಒರಳು, ಒನಕೆ, ಹುರಿದ ಶೇಂಗಾ ಎಲ್ಲ ಸಿದ್ಧವಾಗಿದ್ದವು.

"ಹಿಂಡಿ ತೀರೇತಿ. ಕುಟ್ರಿ."

ಕರಿಬಸಪ್ಪ ಕುಟ್ಟತೊಡಗಿದ. ಡಬ್ಬಿ ಅರ್ಧ ತುಂಬಿತ್ತು. ಅಷ್ಟರಲ್ಲಿ ಗೇಟು ಸಪ್ಪಳವಾಯಿತು. ಎದುರು ಮನೆಯ ಪ್ರಶಾಂತ ದೊಡ್ಡದೊಂದು ಬುಟ್ಟಿ ಹೊತ್ತು ನಿಂತಿದ್ದ. ಅವನ ಹಿಂದೆ ಇನ್ನೂ ಮೂವರು, ಎಲ್ಲರ ಕೈಯಲ್ಲೂ ಬುಟ್ಟಿ.

"ಕರಿಬಸಪ್ಪನವರ, ನಮ್ಮನ್ಯಾಗ ಹಲಸಿನಹಣ್ಣು ಕೊಯ್ದೀವಿ, ಸಿಪ್ಪಿ ಭಾಳ ಆಗೇತಿ. ನಿಮಗ ಬೇಕಾಗಿತ್ತಲ್ಲ?" ಎಂದ ಪ್ರಶಾಂತ. ಆಮೇಲೆ ಸ್ವಲ್ಪ ಸಂಕೋಚದಿಂದ, "ಹಿಂಡಿಗೆ ಖಾರ ಒಂದೀಟು ಕಡಿಮಿ ಇರಲಿ ಅಂತ ನಮ್ಮನಿಯಾಕಿ ಹೇಳ್ಯಾಳ್ರಿ" ಎಂದೂ ಸೇರಿಸಿದ.

ಕರಿಬಸಪ್ಪ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹಾಲವ್ವನ ದನಿ ಬಂತು.

"ಬುಟ್ಟಿ ಅಲ್ಲೇ ಇಡ್ರಿ, ನಮ್ಮ ಕೆಂಪಿ ತಿಂತಾಳ. ಹಿಂಡಿಗೆ ಸ್ವಲ್ಪ ಕುಂತಿರ್ರಿ, ಕುಟ್ಟಾಕತ್ತಾರ."